ಸುದ್ದಿ ಮುಟ್ಟಿಸುವ ತಾಲೀಮು

"ಹಲೋ, ಗೌರವ್ವ ಆಂಟೀನಾ? ನಾನು ಭೂಮಿ. ನಿಮ್ಮ ಮಗ ಚೇತನಕುಮಾರ್ ಇರೋ ಹಡಗಿನ ಕಂಪನಿಯಿಂದ."

"ಓಟಿಪಿ ಕೇಳಿದ್ರ ಫೋನ್ ಇಡ್ತೇನಿ ನೋಡು. ಸೊಸಿ ಹೇಳಿಟ್ಟಾಳ."

ಭೂಮಿಗೆ ನಗು ಬರಲಿಲ್ಲ. ಕೈಯಲ್ಲಿದ್ದ ಹಾಳೆ ಬೆವರಿಗೆ ಮೆತ್ತಗಾಗಿತ್ತು. ಎದುರಿಗೆ ಮ್ಯಾನೇಜರ್ ನೀರಜ್, ಸ್ಪೀಕರ್ ಹಾಕಿಸಿ, ರೆಕಾರ್ಡರ್ ಮೇಲೆ ಬೆರಳಿಟ್ಟು ಕುಳಿತಿದ್ದ. ಕಂಪನಿಯ ಹಡಗು ಮೊದಲ ಸಲ ಉತ್ತರ ಧ್ರುವದ ಸಮುದ್ರಕ್ಕೆ ಹೋಗಿತ್ತು. ಹಿಮ ಕರಗಿ ದಾರಿಯೇನೋ ತೆರೆದಿತ್ತು. ಆದರೆ ಅಲ್ಲಿ ಜಿಪಿಎಸ್ ಇದ್ದಕ್ಕಿದ್ದಂತೆ ಸುಳ್ಳು ಹೇಳುತ್ತದೆ, ಯಾರವೆಂದು ತಿಳಿಯದ ಡ್ರೋನುಗಳು ತಲೆಯ ಮೇಲೆ ಸುತ್ತುತ್ತವೆ ಎಂದು ಹೋಗಿಬಂದವರು ಹೇಳುತ್ತಿದ್ದರು. ಅದಕ್ಕೇ ಈ ತಾಲೀಮು: ಹಡಗು ಕಾಣೆಯಾದರೆ ಮನೆಯವರಿಗೆ ತಿಳಿಸುವುದು ಹೇಗೆ? ಹೌಗಾಂಗ್ ಬಡಾವಣೆಯ ಈ ಒಂದು ಮನೆ, ಕನ್ನಡ ಬಲ್ಲವಳೆಂದು, ಭೂಮಿಯ ಪಾಲಿಗೆ ಬಂದಿತ್ತು.

"ಆಂಟಿ, ಇದು ಬರೀ ಪ್ರಾಕ್ಟೀಸ್. ನಿಮ್ಮ ಮಗ ಆರಾಮಾಗಿದ್ದಾರೆ. ನಾನು ಓದ್ತೀನಿ, ನೀವು ಕೇಳಿದ್ರೆ ಸಾಕು."

"ಓದವ್ವ. ಮೆಂತೆ ಪಲ್ಲೆ ಸೋಸಕೋತ ಕೇಳ್ತೇನಿ."

ಭೂಮಿ ಉಸಿರೆಳೆದುಕೊಂಡಳು. "ಇಂದು ಬೆಳಿಗ್ಗೆಯಿಂದ ನಿಮ್ಮ ಮಗ ಇರುವ ಹಡಗು ನಮ್ಮ ಸಂಪರ್ಕಕ್ಕೆ ಸಿಗುತ್ತಿಲ್ಲ..." ಬಾಯಿ ತಾನಾಗಿಯೇ ಮುಂದುವರಿಸಿತು: "ಬಿಡ್ತು, ಬಿಡ್ತು."

ನೀರಜ್ ರೆಕಾರ್ಡಿಂಗ್ ನಿಲ್ಲಿಸಿದ. "ಬಿಡ್ತು ಅನ್ನೋದು ಸ್ಕ್ರಿಪ್ಟಲ್ಲಿ ಎಲ್ಲಿದೆ ಭೂಮಿ? ಇದು ಇನ್ಶೂರೆನ್ಸ್‌ನವರಿಗೆ ಹೋಗತ್ತೆ."

"ತಾಯಿ ಹತ್ರ ಸರ್... ಸುಳ್ಳಿಗಾದ್ರೂ ಹೇಗೆ? ಇಂಥ ಮಾತು ಬಾಯಿಗೆ ಬಂದ್ರೇ ನಮ್ಮಜ್ಜಿ ಬಿಡ್ತು ಅನ್ನಿಸ್ತಾರೆ."

"ಹಡಗಿಗೆ ಇನ್ಶೂರೆನ್ಸ್ ನಿಮ್ಮಜ್ಜಿ ಕೊಡ್ತಾರಾ? ಫಸ್ಟಿಂದ ಮಾಡು."

"ಯಾಕವ್ವ, ಬೈತಾನೇನು ಅಂವ?" ಫೋನಿನಿಂದ ಗೌರವ್ವನ ದನಿ ಬಂತು.

ಭೂಮಿ ತಲೆ ತಗ್ಗಿಸಿ ಮತ್ತೆ ಓದತೊಡಗಿದಳು. ಎರಡನೆಯ ಸಾಲಿಗೆ ಬರುವಾಗ ಕಣ್ಣು ಹಡಗಿರುವ ಜಾಗ ತೋರಿಸುವ ಗೋಡೆಯ ಪರದೆಯತ್ತ ಹೊರಳಿತು. ಬಿಳಿ ನಕ್ಷೆಯ ತುದಿಯಲ್ಲಿ ಹಡಗಿನ ಹಸಿರು ಚುಕ್ಕೆ ಇರಲಿಲ್ಲ. ನೀರಜ್ ಕೂಡ ಅತ್ತ ನೋಡಿದ. ಅವನ ಕುರ್ಚಿ ಕಿರುಗುಟ್ಟಿತು. ಒಂದು, ಎರಡು, ಮೂರು... ಚುಕ್ಕೆ ಮತ್ತೆ ಮೂಡಿತು, ಮೊದಲಿದ್ದ ಜಾಗಕ್ಕಿಂತ ಒಂದಿಷ್ಟು ಆಚೆ. ಅದು ನಿಜವಾದ ಜಾಗವೋ ಅಲ್ಲವೋ ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಭೂಮಿ ಉಳಿದ ಸಾಲುಗಳನ್ನು ಹೇಗೆ ಓದಿ ಮುಗಿಸಿದಳೋ ಅವಳಿಗೇ ತಿಳಿಯಲಿಲ್ಲ.

ಅವಳು ಫೋನಿನತ್ತ ಬಾಗಿದಳು.

"ಆಂಟಿ? ಪ್ರಾಕ್ಟೀಸ್ ಅಷ್ಟೇ ಆಂಟಿ. ಅಳ್ತಿದ್ದೀರಾ?"

"ಅಳಾಕತ್ತಿದಾಕಿ ನೀನು," ಎಂದರು ಗೌರವ್ವ. "ನೀ ಹೇಳಿದ್ದು ಅರ್ಧಾನೂ ತಿಳೀಲಿಲ್ಲ ನನಗ. ಖರೇನ ಹೇಳೂ ದಿನ ಹಿಂಗ ನಡುಗಿದ್ರ, ನಾ ಯಾರನ್ನ ಕೇಳ್ಲಿ? ಹೂಂ, ಇನ್ನೊಮ್ಮೆ ಓದು. ಸಾವಕಾಶ ಓದು."