ನೆನೆಹಾಕಿದ ಅಂಟು

ಪ್ರಯೋಗಾಲಯದ ಪರದೆಯ ಮೇಲಿನ ಗೆರೆ ಇನ್ನೂ ಎದ್ದಿರಲಿಲ್ಲ. ಶ್ರುತಿ ಯಂತ್ರದ ಮುಂದೆ ಕೂತಿದ್ದಳು. ರಾವೂರಿನಲ್ಲಿ ಅವಳ ಅಪ್ಪ, ಗೌಂಡಿ ಖಂಡಪ್ಪ, ಗೋಡೆಗೆ ಮಾಡಿದ ಗಿಲಾವು ಕಳಚಿ ಬಿದ್ದಿತ್ತು. ಅದಕ್ಕೆ ಬೆರೆಸಿದ ಅಂಟಿನ ಅಣುಗಳು ಎಷ್ಟು ಉದ್ದ ಉಳಿದಿವೆಯೆಂದು ಯಂತ್ರ ಅಳೆಯುತ್ತಿತ್ತು. ಉದ್ದನೆಯವು ಮೊದಲು ಹೊರಬಂದು ಗೆರೆ ಎಬ್ಬಿಸುತ್ತವೆ, ತುಂಡಾದವು ತಡವಾಗಿ. ಅಪ್ಪನ ಬಕೆಟ್ಟಿನ ಅಂಟು ತಡವಾಗಿ ಬಂದಿತ್ತು. ಈಗ ಅದೇ ಅಂಟಿನ, ಇನ್ನೂ ಒಡೆಯದ ಚೀಲದ ಪುಡಿಯ ಸರದಿ. ಇದೂ ತಡವಾದರೆ ತಪ್ಪು, ಈ ಪುಡಿ ಮಾರಿದ ವ್ಯಾಪಾರಿ ಪವಮಾನರದು. ಬೇಗ ಬಂದರೆ ಅಪ್ಪನದು.

ಇಬ್ಬರೂ ಅವಳ ಬೆನ್ನ ಹಿಂದೆಯೇ ನಿಂತಿದ್ದರು. "ಕೆಟ್ಟ ಮಾಲ್ ಕೊಟ್ಟು ಈಗ ದೇವರ ನೆನಸ್ಲಾಕತ್ತೀರೇನ್ರಿ?" ಎಂದು ಖಂಡಪ್ಪ ಚುಚ್ಚಿದ. ಪವಮಾನರ ತುಟಿ ಅಲುಗುತ್ತಲೇ ಇತ್ತು. ತಡವಾಗಲಿ ಸ್ವಾಮಿ ಎಂದು ತಾನೂ ಬೇಡುತ್ತಿರುವುದು ಹೊಳೆದು ಶ್ರುತಿಗೆ ನಾಚಿಕೆಯಾಯಿತು. ಅಷ್ಟರಲ್ಲಿ ಗೆರೆ ಎದ್ದಿತು. ಬೇಗನೆ ಎದ್ದಿತು.

"ಅಪ್ಪಾ, ಅಂಟು ಎಷ್ಟು ದಿನ ನೆನೆ ಇಟ್ಟಿದ್ದಿ?"

"ಒಂದ್ ವಾರ," ಎಂದ ಖಂಡಪ್ಪ ಹೆಮ್ಮೆಯಿಂದ. "ಸುಣ್ಣ ನೆನಸಿದಂಗ. ನೆನೆದಷ್ಟೂ ಹದ ಬರ್ತದ."

"ಇದು ಸುಣ್ಣ ಅಲ್ಲಪ್ಪಾ, ಹತ್ತಿ ನಾರಿಂದು. ನೀರಾಗ ಇಟ್ರ ಬೂಷ್ಟು ಹಿಡೀತದ. ಅದರ ಕಿಣ್ವ ನಾರಿನ ಎಳಿ ಕಡ್ದು ತುಂಡ ಮಾಡ್ತದ."

ಖಂಡಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಪವಮಾನರತ್ತ ತಿರುಗಿದ. "ಸಾಹೇಬ್ರ, ಊರ ತುಂಬ ನಿಮ್ಮ ಹೆಸರ ಕೆಡಿಸೀನಿ. ನಡ್ರಿ, ಅದೇ ಮಂದಿ ಮುಂದ ನಿಂತು ನಾನ ಹೇಳ್ತೀನಿ."