ಕುಂಬಾರ ಹುಳದ ಗೂಡು

ಪ್ರಮೋದ ಸ್ಕ್ರೂಡ್ರೈವರಿನ ತುದಿಯನ್ನು ಮಣ್ಣಿನ ಗೂಡಿಗೆ ತಾಗಿಸುವಷ್ಟರಲ್ಲಿ ದೇವಕಿ, "ಒಡೀಬೇಡ ತಮಾ" ಎಂದಳು. ಶಿರಸಿಯ ಅವನ ರಿಪೇರಿ ಅಂಗಡಿಯ ಮೇಜಿನ ಮೇಲೆ ಅವಳ ಸೊಸೆ ರಮ್ಯಶ್ರೀಯ ಲ್ಯಾಪ್‌ಟಾಪ್ ಬೆನ್ನು ಬಿಚ್ಚಿಸಿಕೊಂಡು ಬಿದ್ದಿತ್ತು. ಒಂದು ಫೈಲು ತೆರೆಯುವುದರೊಳಗೆ ಒಂದು ಲೋಟ ಚಹಾ ಕುಡಿದು ಮುಗಿಯುವಷ್ಟು ಅದು ನಿಧಾನವಾಗಿತ್ತು. ರಮ್ಯಶ್ರೀ ತವರಿಗೆ ಹೋಗಿದ್ದಾಗ ಕುಂಬಾರ ಹುಳ ಅದರೊಳಗಿನ ಪುಟ್ಟ ಫ್ಯಾನಿನ ಬಾಯಿಗೇ ಆ ಗೂಡು ಕಟ್ಟಿತ್ತು.

"ಗಾಳಿ ಹೊರಗೆ ಹೋಗೂಕೆ ದಾರಿ ಇಲ್ಲ ಅಮ್ಮ. ಬಿಸಿ ಏರ್ತದೆ, ಸುಟ್ಟು ಹೋಗಬಾರದು ಅಂತ ಪ್ರೊಸೆಸರ್ ತಾನೇ ನಿಧಾನ ಆಗ್ತದೆ," ಎಂದ ಪ್ರಮೋದ.

"ಬಸುರಿ ಇಲ್ಲದ ಮನೇಲಿ ಆ ಹುಳ ಗೂಡು ಕಟ್ಟೂದಿಲ್ಲ. ಒಡೆದರೆ ಹೊಟ್ಟೇಲಿದ್ದದ್ದು ನಿಲ್ಲೂದಿಲ್ಲ." ದೇವಕಿ ಪಕ್ಕದಲ್ಲಿ ನಿಂತಿದ್ದ ಸೊಸೆಯ ಕಡೆ ತಿರುಗಿ ನಕ್ಕಳು. "ಎಂತಕ್ಕೆ ಹೇಳಿದ್ದಿಲ್ಲೆ ಕೂಸೆ?"

"ಹೇಳಲೆ ಎಂತದೂ ಇಲ್ಲೆ ಅತ್ತೆ." ರಮ್ಯಶ್ರೀ ಪ್ರಮೋದನನ್ನು ನೋಡಿದಳು. "ನೀವು ಒಡೀರಿ."

ಪ್ರಮೋದ ಸ್ಕ್ರೂಡ್ರೈವರನ್ನು ಕೆಳಗಿಟ್ಟ. "ನಮ್ಮನೆಯವಳಿಗೂ ಈಗ ಏಳು ತಿಂಗಳು. ನನ್ನ ಕೈಯಿಂದ ಬೇಡ."

ರಮ್ಯಶ್ರೀ ತಾನೇ ಅದನ್ನೆತ್ತಿಕೊಂಡು ಗೂಡಿಗೆ ಚುಚ್ಚಿದಳು. ಒಣಮಣ್ಣು ಪುಡಿಯಾಗಿ, ಒಳಗಿದ್ದ ಬಿಳಿಯ ಮರಿಹುಳವೊಂದು ಮೇಜಿನ ಮೇಲೆ ಬಿದ್ದು ಮೆಲ್ಲನೆ ಮುದುಡಿಕೊಂಡಿತು. ಅದಕ್ಕೆ ಇನ್ನೂ ಜೀವವಿತ್ತು.

"ನೋಡಿ ಅತ್ತೆ, ಬರೀ ಹುಳ," ಎಂದಳು ರಮ್ಯಶ್ರೀ. ದನಿ ಗಟ್ಟಿಯಾಗಿಯೇ ಇತ್ತು. ಆದರೆ ಅವಳ ಎಡಗೈ, ಅವಳಿಗೇ ತಿಳಿಯದೆ, ಹೊಟ್ಟೆಯನ್ನು ಅವುಚಿ ಹಿಡಿದಿತ್ತು. ಆ ಕೈಯನ್ನೂ ಒಡೆದ ಗೂಡನ್ನೂ ಕಂಡು ದೇವಕಿಯ ನಗು ಆರಿತು.