ಬೇಲಿಯ ಆಚೆ

"ಮಣ್ಣು ಮುಚ್ಚಿದ್ದಾಯ್ತು. ನಾವೂ ಕೈಯೆತ್ತಿ ದುವಾ ಮಾಡ್ತೀವ್ರಿ, ಅಯ್ನೋರೇ," ಎಂದರು ಕಲ್ಲುಕುಟಿಗ ದಸ್ತಗೀರ್ ಸಾಬರು. ಪಾದ್ರಿ ಸಮಾಧಾನಪ್ಪ ತಲೆಯಲ್ಲಾಡಿಸಿದರು. "ಬ್ಯಾಡ್ರಿ. ಯೇಸುವನ್ನ ದೇವರ ಮಗ ಅನ್ನದೋರ ಪ್ರಾರ್ಥನೆ ಮ್ಯಾಲಕ್ಕೆ ಮುಟ್ಟಲ್ಲ. ಬೇಲಿ ಆಚೆ ನಿಂತ್ಕಳ್ರಿ."

ಮಾರಿಕಣಿವೆಯಲ್ಲಿ ಅಣೆಕಟ್ಟೆಯ ಕೆಲಸಗಾರರ ನಡುವೆ ವಾಂತಿಭೇದಿ ಹಬ್ಬಿದ ಮೇಲೆ ಪಾದ್ರಿಯ ಸಭೆಯವರೆಲ್ಲ ಓಡಿಹೋಗಿದ್ದರು. ಅದೇ ಬೇನೆಯಿಂದ ತೀರಿಕೊಂಡ ಅವರ ಹೆಂಡತಿ ರಾಹೇಲಮ್ಮನನ್ನು ಸ್ಮಶಾನಕ್ಕೆ ಹೊತ್ತು ತಂದವರು ಈ ಸಾಬರು ಮತ್ತವರ ಜೊತೆಯ ಕಲ್ಲುಕುಟಿಗರೇ. ದಾರಿಯುದ್ದಕ್ಕೂ ಹೆಗಲಿಂದ ಹೆಗಲಿಗೆ ಬದಲಿಸಿಕೊಂಡರೇ ಹೊರತು ಒಮ್ಮೆಯೂ ನೆಲಕ್ಕಿಳಿಸಿರಲಿಲ್ಲ. ಈಗ ಕೈಗೆ ಮೆತ್ತಿದ ಮಣ್ಣನ್ನೂ ಕೊಡವದೆ ಕಳ್ಳಿಬೇಲಿಯ ಆಚೆ ಹೋದರು.

ಪಾದ್ರಿ ಒಬ್ಬರೇ ಗಟ್ಟಿಯಾಗಿ ಪ್ರಾರ್ಥಿಸಿದರು. ಕೊನೆಯಲ್ಲಿ, ರೂಢಿಬಲದಿಂದ, ಸಭೆ 'ಆಮೆನ್' ಎನ್ನಲೆಂದು ಕಾದರು. ಎಲ್ಲರಿಗಿಂತ ಮೊದಲು ಹಾಗೆನ್ನುತ್ತಿದ್ದವಳು ರಾಹೇಲಮ್ಮ. ಅವಳು ಮಣ್ಣಿನಡಿ ಇದ್ದಳು.

"ಆಮೀನ್," ಎಂದರು ಬೇಲಿಯಾಚೆಯಿಂದ ದಸ್ತಗೀರ್ ಸಾಬರು.

ಪಾದ್ರಿ ಬೇಲಿಯತ್ತ ಒಮ್ಮೆ ತಿರುಗಿದರು. ಆದರೂ ಅವರು ಕಣ್ಣು ಬಿಗಿಯಾಗಿ ಮುಚ್ಚಿ, ಆ 'ಆಮೀನ್' ಅಂಟದಂತೆ ಇಡೀ ಪ್ರಾರ್ಥನೆಯನ್ನು ಮತ್ತೆ ಮೊದಲಿನಿಂದ ಹೇಳಿದರು. ಹೇಳಿ ಕಾದರು. ಈ ಸಲ ಬೇಲಿಯಾಚೆ ಯಾರೂ ಬಾಯಿ ತೆರೆಯಲಿಲ್ಲ.